ನಗರವು ಬೆಳೆಯುವ ಬಗೆ



ನಾವು ವಾಸಿಸುತ್ತಿರುವ ಅಹಮದಾಬಾದು ಇಂದು ಮಹಾನಗರ. 2011ರ ಜನಗಣತಿಯಂತೆ ಇಲ್ಲಿ ಸುಮಾರು 55 ಲಕ್ಷ ಜನರಿದ್ದರು. ಇಷ್ಟು ಜನರು ಒಂದೆಡೆ ನೆಲಸಲು ಕಾರಣವೇನು? ಇದನ್ನು ಕ್ರಮವಾಗಿ ವಿಚಾರಿಸೋಣ.

ಸಾಬರಮತಿಯ ಪೂರ್ವದಡದಲ್ಲಿ ಮೊದಲು ಆಶಾವಲ್ ಎಂಬ ಊರಿತ್ತು. ಹನ್ನೊಂದನೆಯ ಶತಮಾನದಲ್ಲಿ ಸೋಲಂಕಿ ಅರಸನಾದ ಕರ್ಣದೇವನು ಇಲ್ಲಿ ಕರ್ಣಾವತಿಯನ್ನು ಸ್ಥಾಪಿಸಿದನು. ಅವನ ರಾಣಿ ಮಯಣಲ್ಲದೇವಿಯು ಗೋವೆಯ ಕದಂಬರ ಜಯಕೇಶಿಯ ಮಗಳು. ಕನ್ನಡನಾಡಿಗೂ ಗುಜರಾತಿಗೂ ಇರುವ ನಂಟು ಅಷ್ಟು ಹಳೆಯದು! 1411ರಲ್ಲಿ ಸುಲ್ತಾನ ಅಹಮದ್ ಶಾಹನು ಇದೇ ನೆಲದಲ್ಲಿ ತನ್ನ ರಾಜಧಾನಿಗೆ ಅಡಿಗಲ್ಲಿಟ್ಟನು. ಅರಮನೆಯನ್ನು ನಂಬಿ ನೇಕಾರರು, ಅಕ್ಕಸಾಲಿಗರು, ವರ್ತಕರು ಬಂದು ‘ಪೋಳ’ಗಳೆಂಬ ಕೇರಿಗಳಲ್ಲಿ ನೆಲಸಿದರು. ರಾಜರು ಅಳಿದರು, ಕಸುಬುಗಳು ಉಳಿದವು. ಆದುದರಿಂದ ನಗರವೂ ಉಳಿಯಿತು.

ಎರಡನೆಯ ಘಟ್ಟವು ಯಂತ್ರದ್ದು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿಗಿರಣಿಗಳಿಂದ ಬೆಳೆದ ಊರು. 1801ರಲ್ಲಿ ಸುಮಾರು 75 ಸಾವಿರವಿದ್ದ ಅದರ ಜನಸಂಖ್ಯೆಯು 1851ರ ವೇಳೆಗೆ ಮೂರು ಲಕ್ಷವನ್ನು ಮುಟ್ಟಿತು. 1861ರಲ್ಲಿ ರಣಛೋಡಲಾಲ್ ಛೋಟಾಲಾಲರ ಗಿರಣಿಯು ಇಲ್ಲಿ ಕೆಲಸವನ್ನಾರಂಭಿಸಿತು. ಅದರ ಹಿಂದೆಯೇ ಹಲವು ಗಿರಣಿಗಳು ಬಂದವು. ನಗರಕ್ಕೆ ‘ಭಾರತದ ಮ್ಯಾಂಚೆಸ್ಟರ್’ ಎಂಬ ಹೆಸರಾಯಿತು. ಹಳ್ಳಿಗರು ನೇಗಿಲನ್ನು ಬಿಟ್ಟು ಬಂದು ಕಾರ್ಮಿಕರಾಗಿ ಚಾಳುಗಳಲ್ಲಿ ಬಿಡಾರ ಹೂಡಿದರು. 1892ರ ಎಲ್ಲಿಸ್ ಸೇತುವೆಯು ಪಶ್ಚಿಮದಡಕ್ಕೆ ಭದ್ರವಾದ ದಾರಿಯಾಯಿತು. ಆದರೆ 1980ರ ದಶಕದಿಂದ ಗಿರಣಿಗಳು ಒಂದೊಂದಾಗಿ ಮುಚ್ಚಿ, ಸಾವಿರಾರು ಕುಟುಂಬಗಳು ಅನ್ನದ ಆಧಾರವನ್ನು ಕಳೆದುಕೊಂಡವು. ಒಂದೇ ಕಸುಬನ್ನು ನಂಬಿದವರ ಪಾಡು ಎಷ್ಟು ಕಠಿನವೆಂಬುದನ್ನು ಮರೆಯಬಾರದು.

ಮೂರನೆಯ ಘಟ್ಟವು ವಿದ್ಯೆಯದು. ಜೋಧಪುರ, ವಸ್ತ್ರಾಪುರ ಮೊದಲಾದ ಹಳ್ಳಿಗಳನ್ನು ನಗರವು ತನ್ನೊಳಗೆ ಸೇರಿಸಿಕೊಂಡಿತು. ಇಲ್ಲಿನ ಉಪಗ್ರಹ ಕೇಂದ್ರದಿಂದಲೇ ನಮ್ಮ ಬಡಾವಣೆಗೆ ಸ್ಯಾಟಲೈಟ್ ಎಂಬ ಹೆಸರು ಬಂದಿತು. 1975-76ರಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ದೂರದರ್ಶನವನ್ನು ತಲುಪಿಸುವ ಪ್ರಯೋಗವು ನಡೆದಾಗ, ಇಲ್ಲಿನ ಭೂಕೇಂದ್ರವು ಅದರಲ್ಲಿ ಮುಖ್ಯ ಪಾತ್ರ ವಹಿಸಿತು. ಆ ಆರರಲ್ಲಿ ಕರ್ನಾಟಕವೂ ಒಂದು. ಹೀಗೆ ನಮ್ಮ ನೆರೆಯ ಅಂಗಳದಿಂದ ಹೊರಟ ಅಲೆಗಳು ಕನ್ನಡ ಹಳ್ಳಿಗಳನ್ನು ಮುಟ್ಟಿದವು.

ಇದರಿಂದ ತಿಳಿಯುವುದೇನು? ನಗರವನ್ನು ಕೋಟೆಗಳು ಬೆಳೆಸುವುದಿಲ್ಲ. ದುಡಿಮೆಯೂ, ದುಡಿಮೆಯನ್ನರಸಿ ಬಂದವರೂ ಬೆಳೆಸುತ್ತಾರೆ. ನಾವೂ ಹಾಗೆ ಬಂದವರೇ. ಆದುದರಿಂದ ನೆರೆಯವರ ಗುಜರಾತಿಯನ್ನು ಗೌರವದಿಂದ ಕಲಿಯೋಣ, ತಾಯ್ನುಡಿಯನ್ನು ಬಿಡದಿರೋಣ, ಒಂದಕ್ಕಿಂತ ಹೆಚ್ಚು ವಿದ್ಯೆಗಳನ್ನು ಕೈವಶ ಮಾಡಿಕೊಳ್ಳೋಣ. ನಿಮ್ಮ ಹಿರಿಯರು ಯಾವ ಊರಿನಿಂದ, ಯಾವ ವರ್ಷ, ಯಾವ ಕೆಲಸಕ್ಕಾಗಿ ಬಂದರೆಂಬುದನ್ನು ಕೇಳಿ ಬರೆದಿಡಿರಿ. ಅದೂ ಈ ನಗರದ ಚರಿತ್ರೆಯೇ.