ದರಪಟ್ಟಿಯಲ್ಲಿರುವ ಸಾರುವೆ ಕಾಮಗಾರಿ ಸ್ಥಳದಲ್ಲಿಯೂ ಇರಲಿ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ನಾನು ಈ ಹಿಂದೆ ಕರ್ತವ್ಯ ನಿರ್ವಹಿಸುತ್ತಿದ್ದ ಗ್ರಾಮ ಪಂಚಾಯಿತಿಯೊಂದರಲ್ಲಿ ಅಂಗನವಾಡಿ ಕಟ್ಟಡದ ಹೊರಗೋಡೆಗೆ ಗಿಲಾವು ಮಾಡುತ್ತಿದ್ದ ಗಾರೆ ಕೆಲಸಗಾರರೊಬ್ಬರು ಕೆಳಗೆ ಬಿದ್ದರು. ಎತ್ತರ ಹತ್ತು ಅಡಿಯೂ ಇರಲಿಲ್ಲ. ನೀಲಗಿರಿ ಕಂಬಗಳಿಗೆ ಅಡ್ಡಮರ ಕಟ್ಟಿ, ಅದರ ಮೇಲೆ ಸೆಂಟ್ರಿಂಗ್ ಕೆಲಸದಿಂದ ಉಳಿದಿದ್ದ ಒಂದೇ ಒಂದು ಹಲಗೆಯನ್ನು ಇರಿಸಲಾಗಿತ್ತು. ಹಲಗೆಯ ತುದಿ ಅಡ್ಡಮರದಿಂದಾಚೆ ಒಂದೂವರೆ ಅಡಿಗೂ ಹೆಚ್ಚು ಚಾಚಿಕೊಂಡಿತ್ತು. ಗೋಡೆಯ ಮೂಲೆಯನ್ನು ಮುಟ್ಟಲು ಅವರು ಆ ತುದಿಗೆ ಕಾಲಿಟ್ಟೊಡನೆ ಹಲಗೆಯ ಇನ್ನೊಂದು ತುದಿ ಏತದಂತೆ ಮೇಲೆದ್ದಿತು. ಬೆನ್ನುಮೂಳೆಗೆ ಪೆಟ್ಟಾಗಿ ಎಂಟು ತಿಂಗಳು ಅವರು ಕೆಲಸಕ್ಕೆ ಹೋಗಲಾಗಲಿಲ್ಲ.

ಮುಂದಿನ ಸಾಮಾನ್ಯ ಸಭೆಯಲ್ಲಿ ಹಿರಿಯ ಸದಸ್ಯೆಯೊಬ್ಬರು ನನ್ನನ್ನು ಕೇಳಿದರು: "ಸಾರುವೆಗೆಂದು ಅಂದಾಜಿನಲ್ಲಿ ಹಣ ಇಟ್ಟಿದ್ದಿರೇನು, ಸಾರ್?" ನಾನು "ಇಲ್ಲ, ಅದಕ್ಕೆ ಪ್ರತ್ಯೇಕ ಬಾಬತ್ತು ಇರುವುದಿಲ್ಲ" ಎಂದು ಉತ್ತರಿಸಿದೆ. ಸಂಜೆ ಕಡತ ತೆರೆದು ಅಂದಾಜು ಪಟ್ಟಿಯನ್ನು ಮತ್ತೊಮ್ಮೆ ಓದಿದಾಗ ನನ್ನ ಉತ್ತರ ಅರ್ಧ ಮಾತ್ರ ಸರಿ ಎಂಬುದು ತಿಳಿಯಿತು. ಪ್ರತ್ಯೇಕ ಬಾಬತ್ತು ಇರಲಿಲ್ಲ ನಿಜ. ಆದರೆ ಸಿಮೆಂಟ್ ಗಿಲಾವಿನ ಬಾಬತ್ತಿನ ವಿವರಣೆಯಲ್ಲಿಯೇ, ಸಾಮಗ್ರಿ, ಕೂಲಿ ಮತ್ತು ಕ್ಯೂರಿಂಗ್‌ಗಳ ಜೊತೆಗೆ "ಸಾರುವೆ ಒದಗಿಸುವುದು ಮತ್ತು ತೆಗೆಯುವುದು ಸೇರಿದಂತೆ" ಎಂಬ ಅರ್ಥದ ಮಾತು ಇತ್ತು. ಅಂದರೆ ಪ್ರತಿ ಚದರ ಮೀಟರ್ ಗಿಲಾವಿನ ದರದಲ್ಲಿ ಸಾರುವೆಯ ಹಣವೂ ಸೇರಿತ್ತು. ಆ ಹಣವನ್ನು ಪಂಚಾಯಿತಿ ಪಾವತಿಸಿತ್ತು. ಸಾರುವೆಯನ್ನು ಮಾತ್ರ ಪಡೆದಿರಲಿಲ್ಲ. ಇಂಜಿನಿಯರಿಂಗ್ ಓದಿದ ನನಗೇ ಹೊಳೆಯದೆ ಹೋದ ಈ ಸಂಗತಿಯನ್ನು ತಮ್ಮ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಸಾರುವೆ ಕಟ್ಟುವುದು ಮೇಸ್ತ್ರಿಯ ಕೆಲಸ, ಅದರಲ್ಲಿ ನಾವು ಹೇಳುವುದೇನಿದೆ ಎಂಬ ಭಾವನೆ ಸಾಮಾನ್ಯವಾಗಿದೆ. ಮೇಸ್ತ್ರಿಗಳ ಅನುಭವವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಮೇಸ್ತ್ರಿ ತನಗೆ ಕೊಟ್ಟ ಸಾಮಗ್ರಿಯಿಂದಲೇ ಸಾರುವೆ ಕಟ್ಟಬೇಕು. ಸಾಮಗ್ರಿ ಕೊಡಬೇಕಾದವರು ಗುತ್ತಿಗೆದಾರರು. ಕೊಟ್ಟಿದ್ದಾರೆಯೇ ಎಂದು ಕೇಳಬೇಕಾದವರು ನಾವು.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ನಮ್ಮ ಕಡೆ ಕಟ್ಟಡದಲ್ಲಿ ನಿಲ್ಲಿಸಿದ ಎಲ್ಲ ಕಂಬಗಳಿಗೂ "ಸೆಂಟ್ರಿಂಗ್" ಎಂದು ಹೇಳುವ ರೂಢಿಯಿದೆ. ಹಸಿ ಕಾಂಕ್ರೀಟನ್ನು ಹೊರುವ ಹಲಗೆ ಮತ್ತು ಜಾಕಿಗಳದು ಸೆಂಟ್ರಿಂಗ್. ಕೆಲಸಗಾರರನ್ನೂ ಅವರ ಸಾಮಗ್ರಿಯನ್ನೂ ಹೊರುವುದು ಸಾರುವೆ. ಎರಡನ್ನೂ ಒಂದಕ್ಕೊಂದು ಕಟ್ಟಬಾರದು. ಕೆಲಸಗಾರರ ಓಡಾಟದಿಂದ ಸಾರುವೆ ಅಲುಗುತ್ತದೆ. ಆ ಅಲುಗಾಟ ಜಾಕಿಗೆ ತಲುಪಿದರೆ ಐದು ಇಂಚು ದಪ್ಪದ ತಾರಸಿಯಲ್ಲಿ ಚದರ ಮೀಟರ್‌ಗೆ ಮುನ್ನೂರು ಕೆ.ಜಿ.ಗೂ ಮಿಕ್ಕಿದ ಹಸಿ ಕಾಂಕ್ರೀಟಿನ ತೂಕ ಕೆಳಗೆ ಬರುವ ಅಪಾಯವಿದೆ.

ಯಾವ ಕಾಮಗಾರಿಗೆ ಯಾವ ಸಾರುವೆ ಎಂಬುದನ್ನು ನಿರ್ಧರಿಸುವುದು ಎತ್ತರವೊಂದೇ ಅಲ್ಲ, ಭಾರ ಕೂಡ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹಲಗೆಯ ಅಟ್ಟವನ್ನು ಕಲ್ಪಿಸಿಕೊಳ್ಳಿ. ಬಣ್ಣ ಬಳಿಯುವ ಒಬ್ಬರು ಬಕೆಟ್ ಸಮೇತ ನಿಂತರೆ ಅದರ ಮೇಲಿನ ಒಟ್ಟು ಭಾರ ತೊಂಬತ್ತು ಕೆ.ಜಿ. ಆಸುಪಾಸು. ಗಿಲಾವಿಗಾದರೆ ಇಬ್ಬರು ಕೆಲಸಗಾರರು, ನಾಲ್ಕು ಬಾಂಡ್ಲಿ ಗಾರೆ ಸೇರಿ ಇನ್ನೂರ ಹತ್ತು ಕೆ.ಜಿ. ಗೋಡೆ ಕಟ್ಟುವಾಗ ಲೆಕ್ಕವೇ ಬೇರೆ. ಹದಿನಾರು ಇಂಚು ಉದ್ದದ ಎಂಟಿಂಚಿನ ಘನ ಕಾಂಕ್ರೀಟ್ ಬ್ಲಾಕ್ ಒಂದೊಂದೂ ಸುಮಾರು ಮೂವತ್ತು ಕೆ.ಜಿ. ತೂಗುತ್ತದೆ. ಹತ್ತು ಬ್ಲಾಕ್, ಮೂರು ಬಾಂಡ್ಲಿ ಗಾರೆ, ಇಬ್ಬರು ಆಳು ಸೇರಿದರೆ ಐನೂರು ಕೆ.ಜಿ. ಹತ್ತಿರವಾಯಿತು. ಊಟಕ್ಕೆ ಹೋಗುವ ಮುನ್ನ ಕೆಲಸ ಬೇಗ ಸಾಗಲೆಂದು ಇನ್ನೂ ಹತ್ತು ಬ್ಲಾಕ್ ಪೇರಿಸಿಟ್ಟರೆ ಎಂಟುನೂರು. ಬಣ್ಣಕ್ಕೆಂದು ಕಟ್ಟಿದ ಸಾರುವೆಯ ಮೇಲೆ ಬ್ಲಾಕ್ ಪೇರಿಸುವುದು ಏಕೆ ತಪ್ಪು ಎಂಬುದಕ್ಕೆ ಈ ಲೆಕ್ಕ ಸಾಕು.

ಸಾರುವೆಯಲ್ಲಿ ಒಂಟಿ ಸಾಲು ಮತ್ತು ಜೋಡಿ ಸಾಲು ಎಂದು ಎರಡು ಬಗೆ. ಒಂಟಿ ಸಾಲಿನಲ್ಲಿ ಅಡ್ಡಮರದ ಒಂದು ತುದಿ ಹೊರಗಿನ ಕಂಬದ ಮೇಲೂ ಇನ್ನೊಂದು ತುದಿ ಗೋಡೆಯಲ್ಲಿ ಬಿಟ್ಟ ತೂತಿನಲ್ಲೂ ಕೂರುತ್ತದೆ. ಇಟ್ಟಿಗೆ ಗೋಡೆಗೆ ಇದು ನಡೆಯುತ್ತದೆ. ಸೈಜುಗಲ್ಲಿನ ಗೋಡೆಯಲ್ಲಿ ಅಥವಾ ಕಾಂಕ್ರೀಟಿನಲ್ಲಿ ಹಾಗೆ ತೂತು ಬಿಡಲಾಗದು. ಅಲ್ಲಿ ಗೋಡೆಯನ್ನು ಅವಲಂಬಿಸದೆ ಭಾರ ಹೊರುವ ಜೋಡಿ ಸಾಲೇ ಬೇಕು. ಹಳೆಯ ಶಾಲಾ ಕೊಠಡಿಗಳ ದುರಸ್ತಿಗೂ ಜೋಡಿ ಸಾಲನ್ನೇ ಕೇಳಿ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆಯನ್ನು ಕೊರೆದು ಅದರ ಮೇಲೆಯೇ ಭಾರ ಹೇರುವುದು ದುರಸ್ತಿ ಎನಿಸಿಕೊಳ್ಳುವುದಿಲ್ಲ.

ಇನ್ನು ಸಾಮಗ್ರಿಯ ವಿಚಾರ. ಬಿದಿರು, ಸರ್ವೆ, ನೀಲಗಿರಿ ಕಂಬಗಳೆಂದರೆ ಅಸುರಕ್ಷಿತ, ಕಬ್ಬಿಣವೆಂದರೆ ಸುರಕ್ಷಿತ ಎಂದು ಸಾರಾಸಗಟಾಗಿ ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಬಲಿತ ಬಿದಿರು ಬಹಳ ಗಟ್ಟಿ. ಎಳೆಯ ಬಿದಿರಿನಲ್ಲಿ ಪಿಷ್ಟದ ಅಂಶ ಹೆಚ್ಚಿರುವುದರಿಂದ ಅದಕ್ಕೆ ಬೇಗ ಹುಳು ಹಿಡಿಯುತ್ತದೆ. ಕಂಬದ ಬುಡದಲ್ಲಿ ನುಣುಪಾದ ಹಿಟ್ಟಿನಂತಹ ಪುಡಿ ಉದುರಿದ್ದರೆ ಅದು ಒಳಗೆ ಟೊಳ್ಳಾಗುತ್ತಿದೆ ಎಂದೇ ಅರ್ಥ. ಉದ್ದುದ್ದ ಸೀಳಿದ ಕಂಬ, ಕಳೆದ ವರ್ಷ ನೆಲದಲ್ಲಿ ಹೂತಿದ್ದು ಬುಡ ಕೊಳೆತ ಕಂಬ, ಇವನ್ನು ಪಕ್ಕಕ್ಕೆ ಹಾಕಿಸಬೇಕು. ಮರದ ಸಾರುವೆಯಲ್ಲಿ ಸೋಲುವುದು ಬಹುಮಟ್ಟಿಗೆ ಕಂಬವಲ್ಲ, ಕಟ್ಟು. ತೆಂಗಿನ ನಾರಿನ ಹಗ್ಗ ಮಳೆಗೆ ನೆನೆದು ಬಿಸಿಲಿಗೆ ಒಣಗಿ ಸಡಿಲಾಗುತ್ತದೆ. ಪ್ಲಾಸ್ಟಿಕ್ ಹಗ್ಗ ನೆನೆಯುವುದಿಲ್ಲವಾದರೂ ಬಿಸಿಲಿಗೆ ಪೆಡಸಾಗಿ ಎಳೆಎಳೆಯಾಗುತ್ತದೆ. ಮಳೆ ಬಂದು ಹೋದ ಮರುದಿನ ಎಲ್ಲ ಕಟ್ಟುಗಳನ್ನೂ ನೋಡಿ, ಬೇಕಾದಲ್ಲಿ ಹೊಸದಾಗಿ ಬಿಗಿಯದೆ ಯಾರೂ ಮೇಲೇರಬಾರದು. ಒಂದು ಅಂತಸ್ತಿನ ಕಟ್ಟಡದ ಗಿಲಾವಿಗೂ ಬಣ್ಣಕ್ಕೂ ಒಳ್ಳೆಯ ಮರದ ಸಾರುವೆ ಸಾಕು. ಅದಕ್ಕಿಂತ ಮೇಲೆ ಉಕ್ಕಿನದೇ ಬೇಕು ಎಂಬುದು ನನ್ನ ನಿಲುವು. ಇದು ನಿಯಮವಲ್ಲ, ನನ್ನ ಅನುಭವದ ಮಾತು ಎಂದು ತಿಳಿಯಬೇಕು.

ಉಕ್ಕಿನ ಸಾರುವೆಗೆ ಭಾರತೀಯ ಮಾನಕಗಳಿವೆ: ಉಕ್ಕಿನ ಸಾರುವೆಯ ಸಾಮಗ್ರಿಗೆ ಐಎಸ್ 2750, ಉಕ್ಕಿನ ಪೈಪಿನ ಸಾರುವೆ ಕಟ್ಟುವ ಕ್ರಮಕ್ಕೆ ಐಎಸ್ 4014, ಸಾರುವೆ ಮತ್ತು ಏಣಿಗಳ ಸುರಕ್ಷತೆಗೆ ಐಎಸ್ 3696. ಸದಸ್ಯರು ಇವನ್ನೆಲ್ಲ ಓದಬೇಕೆಂದು ನಾನು ಹೇಳುವುದಿಲ್ಲ. ಈ ಸಂಖ್ಯೆಗಳು ಕಾರ್ಯಾದೇಶದಲ್ಲಿ ನಮೂದಾಗಿವೆಯೇ ಎಂದು ನೋಡಿದರೆ ಸಾಕು. ಬಾಡಿಗೆಗೆ ಬರುವ ಪೈಪುಗಳ ವಿಷಯದಲ್ಲಿ ಮಾತ್ರ ಒಂದು ಸುಲಭ ಪರೀಕ್ಷೆಯನ್ನು ಹೇಳಿಕೊಡುತ್ತೇನೆ. ಸಾರುವೆಯ ಪೈಪಿನ ಹೊರವ್ಯಾಸ ಸುಮಾರು 48 ಮಿ.ಮೀ. ಗೋಡೆಯ ದಪ್ಪ 3.2 ಮಿ.ಮೀ. ಇದ್ದರೆ ಅದು ಮೀಟರ್‌ಗೆ 3.56 ಕೆ.ಜಿ. ತೂಗುತ್ತದೆ, ಆರು ಮೀಟರಿನ ಪೈಪು ಇಪ್ಪತ್ತೊಂದು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ದಪ್ಪ ಎರಡೇ ಮಿ.ಮೀ. ಇದ್ದರೆ ಅದೇ ಉದ್ದದ ಪೈಪು ಹದಿನಾಲ್ಕು ಕೆ.ಜಿ.ಯೂ ಇರುವುದಿಲ್ಲ. ಬಣ್ಣ ಬಳಿದು ತಂದರೆ ಕಣ್ಣಿಗೆ ಎರಡೂ ಒಂದೇ. ಊರಿನ ನ್ಯಾಯಬೆಲೆ ಅಂಗಡಿಯ ತಕ್ಕಡಿಯಲ್ಲಿ ಒಂದು ಪೈಪನ್ನು ತೂಗಿಸಿದರೆ ಸತ್ಯ ಹೊರಬೀಳುತ್ತದೆ. ಬಾಗಿದ ಪೈಪು, ಬೋಲ್ಟ್ ಇಲ್ಲದೆ ತಂತಿಯಿಂದ ಸುತ್ತಿದ ಕ್ಲಾಂಪು, ತುಕ್ಕು ಹಿಡಿದು ಬೆಸುಗೆ ಬಿಟ್ಟ ಎಚ್ ಫ್ರೇಮು, ಇವುಗಳಿಗೆ ತಕ್ಕಡಿಯೂ ಬೇಡ.

ಸಾರುವೆಯ ಕಾಲಿನ ಕೆಳಗೆ ಏನಿದೆ ಎಂಬುದನ್ನು ಬಹಳ ಕಡಿಮೆ ಜನ ನೋಡುತ್ತಾರೆ. ಎರೆಮಣ್ಣಿನ ಪ್ರದೇಶದ ಸದಸ್ಯರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಮೇಲೆ ಹೇಳಿದ ಬ್ಲಾಕ್ ಕೆಲಸದ ಜೋಡಿ ಸಾರುವೆಯಲ್ಲಿ ನಡುವಿನ ಪ್ರತಿ ಕಾಲಿಗೆ ಸುಮಾರು 250 ಕೆ.ಜಿ. ಭಾರ ಬರುತ್ತದೆ. ಪೈಪಿನ ಬರಿಯ ತುದಿ ನೆಲವನ್ನು ಮುಟ್ಟುವ ಜಾಗ ನಾಲ್ಕೂವರೆ ಚದರ ಸೆಂ.ಮೀ. ಮಾತ್ರ. ಆಗ ಪ್ರತಿ ಚದರ ಸೆಂ.ಮೀ. ಮಣ್ಣಿನ ಮೇಲೆ 55 ಕೆ.ಜಿ. ಒತ್ತಡ ಬೀಳುತ್ತದೆ. ನೆನೆದ ಎರೆಮಣ್ಣು ಒಂದು ಕೆ.ಜಿ.ಯನ್ನು ತಡೆಯುವುದೂ ಕಷ್ಟ. ಪೈಪಿನ ಕೆಳಗೆ ಹದಿನೈದು ಸೆಂ.ಮೀ. ಚೌಕದ ಕಬ್ಬಿಣದ ತಟ್ಟೆ ಇಟ್ಟರೆ ಒತ್ತಡ ಒಂದು ಕೆ.ಜಿ. ಚಿಲ್ಲರೆಗೆ ಇಳಿಯುತ್ತದೆ, ತಟ್ಟೆಯ ಕೆಳಗೆ ಒಂದು ಮೀಟರ್ ಉದ್ದ, ಒಂಬತ್ತು ಇಂಚು ಅಗಲದ ದಪ್ಪ ಹಲಗೆ ಹಾಸಿದರೆ ಅದರ ಹತ್ತನೇ ಒಂದು ಭಾಗಕ್ಕೆ ಬರುತ್ತದೆ. ಒಂದು ತುಂಡು ಹಲಗೆ ಮಾಡುವ ಕೆಲಸ ಇಷ್ಟು ದೊಡ್ಡದು. ಇದರ ಬದಲು ಒಡೆದ ಇಟ್ಟಿಗೆ, ಟೊಳ್ಳು ಬ್ಲಾಕು, ಕೆಲವೆಡೆ ತೆಂಗಿನಕಾಯಿ ಗಾತ್ರದ ಕಲ್ಲುಗಳನ್ನು ಇಟ್ಟಿರುವುದನ್ನು ನಾನು ಕಂಡಿದ್ದೇನೆ. ಹೊಸದಾಗಿ ತುಂಬಿದ ಪಾಯದ ಮಣ್ಣಿನ ಮೇಲೆ ಕಾಲು ನಿಲ್ಲಿಸಿದ್ದರೂ ಇದೇ ಎಚ್ಚರ ಬೇಕು.

ನಿಲ್ಲುವ ಅಟ್ಟದ ಬಗ್ಗೆ ಕೆಲವು ಅಳತೆಗಳನ್ನು ನೆನಪಿನಲ್ಲಿಡಬಹುದು. ಹಲಗೆ ಐದು ಸೆಂ.ಮೀ. ದಪ್ಪವಿರಬೇಕು, ಅದು ಆಧಾರದಿಂದಾಚೆ ತನ್ನ ದಪ್ಪದ ನಾಲ್ಕರಷ್ಟು, ಅಂದರೆ ಇಪ್ಪತ್ತು ಸೆಂ.ಮೀ.ಗಿಂತ ಹೆಚ್ಚು ಚಾಚಬಾರದು. ಅಂಗನವಾಡಿಯ ಆ ಹಲಗೆ ಇದರ ಎರಡು ಪಟ್ಟಿಗೂ ಮಿಕ್ಕಿ ಚಾಚಿತ್ತು. ಹಲಗೆಗಳ ನಡುವೆ ಕಾಲು ಜಾರುವಷ್ಟು ಸಂದು ಇರಬಾರದು, ತುದಿಗಳನ್ನು ಕಟ್ಟಿರಬೇಕು. ಹೊರಬದಿಗೆ ಸೊಂಟದ ಮಟ್ಟದಲ್ಲಿ, ಸುಮಾರು ಒಂದು ಮೀಟರ್ ಎತ್ತರಕ್ಕೆ ಕೈಪಟ್ಟಿ, ಅದರ ನಡುವೆ ಇನ್ನೊಂದು ಪಟ್ಟಿ, ಬುಡದಲ್ಲಿ ಹದಿನೈದು ಸೆಂ.ಮೀ. ಎತ್ತರದ ಅಡ್ಡಹಲಗೆ ಇರಬೇಕು. ಈ ಕೊನೆಯದು ಮೇಲಿನವರಿಗಿಂತ ಕೆಳಗೆ ಗಾರೆ ಕಲಸುವವರಿಗೆ ಹೆಚ್ಚು ಅಗತ್ಯ. ಕೆಳಗಿರುವವರು ಬಹುತೇಕ ಮಹಿಳೆಯರು, ಕೆಲವೊಮ್ಮೆ ಅವರ ಮಕ್ಕಳೂ ಅಲ್ಲೇ ಇರುತ್ತಾರೆ. ಮೇಲೇರಲು ಏಣಿ ಇರಲೇಬೇಕು. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಹೊರಗೆ ಬರುವಂತೆ ಓರೆ ಮಾಡಿ, ಅಟ್ಟದಿಂದ ಮೇಲೆ ಒಂದು ಮೀಟರ್ ಉಳಿಯುವಂತೆ ಕಟ್ಟಬೇಕು. ಸಾರುವೆ ಓಲಾಡದಂತೆ ಓರೆ ಕಟ್ಟುಗಳೂ ಸುಮಾರು ನಾಲ್ಕು ಮೀಟರ್ ಎತ್ತರಕ್ಕೊಮ್ಮೆ ಕಟ್ಟಡಕ್ಕೆ ಬಿಗಿತವೂ ಬೇಕು. ಕಿಟಕಿ ಚೌಕಟ್ಟಿಗೋ ಮಳೆನೀರಿನ ಪೈಪಿಗೋ ಕಟ್ಟಿದ್ದನ್ನು ಬಿಗಿತವೆಂದು ಒಪ್ಪಬಾರದು.

ಮೇಲ್ಮಟ್ಟದ ನೀರಿನ ಟ್ಯಾಂಕಿನ ಕಾಮಗಾರಿ ಬೇರೆಯೇ ವರ್ಗ. ಅಲ್ಲಿ ಹನ್ನೆರಡು ಮೀಟರಿಗೂ ಮೇಲೆ ಕೆಲಸ ನಡೆಯಬಹುದು, ಬಯಲಿನ ಗಾಳಿಯೂ ಹೆಚ್ಚು. ಮರದ ಸಾರುವೆಯನ್ನು ಅಲ್ಲಿ ಒಪ್ಪಲೇಬೇಡಿ. ಕಪ್‌ಲಾಕ್ ಅಥವಾ ಪೈಪು ಕ್ಲಾಂಪಿನ ಸಾರುವೆಗೆ ಅಭಿಯಂತರರು ಪರಿಶೀಲಿಸಿದ ನಕ್ಷೆ ಇರಬೇಕು, ಅಂಚಿನಲ್ಲಿ ಕೆಲಸ ಮಾಡುವವರಿಗೆ ಪೂರ್ಣ ದೇಹದ ಸುರಕ್ಷತಾ ಪಟ್ಟಿಯೂ ಅದನ್ನು ಸಿಕ್ಕಿಸಲು ಗಟ್ಟಿಯಾದ ಜಾಗವೂ ಇರಬೇಕು. ಪಟ್ಟಿ ತೊಟ್ಟು ಕೊಂಡಿಯನ್ನು ಸೊಂಟಕ್ಕೇ ಸಿಕ್ಕಿಸಿಕೊಂಡಿರುವ ದೃಶ್ಯ ಅಪರೂಪವಲ್ಲ.

ವಿದ್ಯುತ್ ತಂತಿಯ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಸಾರುವೆ ನಿಂತ ಮೇಲೆ ತಂತಿಯಿಂದ ದೂರವಿದೆ ಎನಿಸಬಹುದು. ಆದರೆ ಆರು ಮೀಟರಿನ ಪೈಪನ್ನು ಎತ್ತಿ ನಿಲ್ಲಿಸುವಾಗ ಅದರ ತುದಿ ಎಲ್ಲಿಗೆ ಓಲುತ್ತದೆ ಎಂಬುದನ್ನು ಲೆಕ್ಕ ಹಾಕಬೇಕು. ಕಟ್ಟಡದ ಸಮೀಪ 11 ಕೆ.ವಿ. ಮಾರ್ಗವಿದ್ದರೆ ಸಾರುವೆ ಕಟ್ಟುವ ಮತ್ತು ಬಿಚ್ಚುವ ದಿನಗಳಲ್ಲಿ ಮಾರ್ಗಮುಕ್ತತೆ ನೀಡುವಂತೆ ವಿದ್ಯುತ್ ಕಂಪನಿಯ ಶಾಖಾಧಿಕಾರಿಗೆ ಪಂಚಾಯಿತಿಯಿಂದಲೇ ಪತ್ರ ಬರೆಸಿ. ಲೈನ್‌ಮನ್‌ಗೆ ಫೋನು ಮಾಡಿದ್ದೇವೆ ಎಂಬ ಉತ್ತರ ಸಾಲದು.

ಸದಸ್ಯರು ಮಾಡಬಹುದಾದದ್ದೇನು? ತಾವು ಸಾರುವೆ ಹತ್ತಿ ನೋಡುವುದಾಗಲಿ, ಮೇಸ್ತ್ರಿಗೆ ನೇರವಾಗಿ ಆದೇಶಿಸುವುದಾಗಲಿ ಬೇಡ. ಕಾಮಗಾರಿಗೆ ಅನುಮೋದನೆ ನೀಡುವ ಸಭೆಯಲ್ಲಿಯೇ, ಸಾರುವೆಯ ಬಗೆ ಮತ್ತು ಸಾಮಗ್ರಿಯನ್ನು ಗುತ್ತಿಗೆದಾರರು ಲಿಖಿತವಾಗಿ ತಿಳಿಸಬೇಕು, ಕಿರಿಯ ಅಭಿಯಂತರರು ನೋಡಿ ಒಪ್ಪಿದ ನಂತರವೇ ಎತ್ತರದ ಕೆಲಸ ಆರಂಭವಾಗಬೇಕು ಎಂಬ ಷರತ್ತನ್ನು ನಡವಳಿಯಲ್ಲಿ ಬರೆಸಿ, ಕಾರ್ಯಾದೇಶದಲ್ಲಿಯೂ ಸೇರಿಸಲು ಅಭಿವೃದ್ಧಿ ಅಧಿಕಾರಿಗೆ ಸೂಚಿಸಿ. ಇದರಿಂದ ವೆಚ್ಚ ಹೆಚ್ಚಾಗುತ್ತದೆ ಎಂದು ಗುತ್ತಿಗೆದಾರರು ಹೇಳಿದರೆ ಅಂದಾಜು ಪಟ್ಟಿಯ ಬಾಬತ್ತಿನ ವಿವರಣೆಯನ್ನು ಅವರ ಮುಂದೆಯೇ ಓದಿಸಿ. ಸಣ್ಣ ಮೊತ್ತದ ಕಾಮಗಾರಿಗಳಲ್ಲಿ ಉಕ್ಕಿನ ಸಾಮಗ್ರಿಯ ಬಾಡಿಗೆ ಹೊರೆಯಾಗುವುದು ನಿಜವೇ. ಅಕ್ಕಪಕ್ಕದ ಎರಡು ಕಾಮಗಾರಿಗಳ ಗಿಲಾವನ್ನು ಒಂದರ ಹಿಂದೊಂದು ಇಟ್ಟುಕೊಂಡರೆ ಅದೇ ಸಾಮಗ್ರಿ ಎರಡಕ್ಕೂ ಒದಗುತ್ತದೆ. ಕೆಲಸಗಾರರ ಸುರಕ್ಷತೆಯ ಹೊಣೆ ಕೆಲಸ ಕೊಟ್ಟವರದೆಂದು 1996ರ ಕಟ್ಟಡ ಕಾರ್ಮಿಕರ ಕೇಂದ್ರ ಕಾಯ್ದೆಯೂ ಅದರ ಸ್ಥಾನದಲ್ಲಿ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಹೇಳುತ್ತವೆ.

ಇದರೊಂದಿಗೆ, ಕೆಲಸಗಾರರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರೇ ಎಂದು ವಿಚಾರಿಸಿ. 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ನೋಂದಣಿಗೆ ಅರ್ಹರು. ನಮ್ಮ ಕಾಮಗಾರಿಗಳ ಬಿಲ್ಲಿನಲ್ಲಿ ಶೇ. 1ರಷ್ಟು ಸೆಸ್ ಕಟಾವಾಗುವುದು ಇವರಿಗಾಗಿಯೇ. ಅಂಗನವಾಡಿಯಲ್ಲಿ ಬಿದ್ದವರು ಇಪ್ಪತ್ತು ವರ್ಷಗಳಿಂದ ಗಾರೆ ಕೆಲಸ ಮಾಡುತ್ತಿದ್ದರು. ಅವರ ಬಳಿ ಕಾರ್ಡು ಇರಲಿಲ್ಲ.

ಸಾರುವೆ ಬಿಚ್ಚುವ ದಿನವೂ ಕಟ್ಟುವ ದಿನದಷ್ಟೇ ಅಪಾಯಕಾರಿ. ಮೇಲಿನಿಂದ ಕೆಳಕ್ಕೆ, ಕಟ್ಟಿದ್ದರ ವಿರುದ್ಧ ಕ್ರಮದಲ್ಲಿ ಬಿಚ್ಚಬೇಕು. ಪೈಪುಗಳನ್ನು ಎಸೆಯದೆ ಹಗ್ಗದಲ್ಲಿ ಇಳಿಸಬೇಕು. ಶಾಲೆ, ಅಂಗನವಾಡಿಗಳಲ್ಲಾದರೆ ರಜಾ ದಿನದಲ್ಲಿ ಮಾಡಿಸುವುದು ಒಳ್ಳೆಯದು. ಒಂಟಿ ಸಾಲಿನ ಸಾರುವೆಗೆಂದು ಗೋಡೆಯಲ್ಲಿ ಬಿಟ್ಟಿದ್ದ ತೂತುಗಳನ್ನು ಬರೀ ಗಾರೆ ಮೆತ್ತಿ ಮುಚ್ಚಿದರೆ ಮೊದಲ ಮಳೆಗೇ ಅಲ್ಲಿಂದ ನೀರು ಒಸರುತ್ತದೆ. ಇಟ್ಟಿಗೆ ತುಂಡು ಮತ್ತು ಗಾರೆ ತುಂಬಿ ಮುಚ್ಚಿದ್ದನ್ನು ನೋಡಿದ ನಂತರವೇ ಅಂತಿಮ ಅಳತೆಯನ್ನು ಅಳತೆ ಪುಸ್ತಕದಲ್ಲಿ ದಾಖಲಿಸುವಂತೆ ಅಭಿಯಂತರರನ್ನು ಕೋರಬಹುದು.