ಕಬ್ಬಿನ ಬಿಲ್ಲು, ಉದ್ರಿ ವಹಿ ಮತ್ತು ದುಡಿಯುವ ಕೈ

ಮಿರಜದಿಂದ ಬೆಳಗಾವಿಗೆ ಬರುವ ರೈಲು ಮಾರ್ಗದಲ್ಲಿ ಗಡಿ ದಾಟಿದ ಮೇಲೆ ಸಿಗುವ ನಿಲ್ದಾಣ ಶೇಡಬಾಳ. ಅದರ ಮುಂದಿನದು ಉಗಾರ ಖುರ್ದ. ಜೈನ ಮುನಿ ಪರಂಪರೆಯಿಂದ ನಾಡಿನಾಚೆಗೂ ಹೆಸರಾದ ಈ ಊರು ವ್ಯಾಪಾರದ ದೃಷ್ಟಿಯಿಂದ ದೊಡ್ಡದಲ್ಲ. ಆದರೆ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಸೀಮೆಯ ಸಣ್ಣ ಪೇಟೆಗಳ ಸ್ಥಿತಿಗತಿಯನ್ನು ಅರಿಯಲು ಇದಕ್ಕಿಂತ ಅನುಕೂಲವಾದ ನೆಲೆ ವಿರಳ. ಒಂದು ಕಡೆಗೆ ಸಕ್ಕರೆ ಕಾರ್ಖಾನೆಗಳು, ಇನ್ನೊಂದು ಕಡೆಗೆ ಅಥಣಿಯ ಚಪ್ಪಲಿ, ಪಶ್ಚಿಮಕ್ಕೆ ನಿಪ್ಪಾಣಿಯ ತಂಬಾಕು ಮತ್ತು ಬೀಡಿ, ಗಡಿಯಾಚೆ ಮಿರಜ-ಸಾಂಗಲಿ-ಇಚಲಕರಂಜಿಗಳ ಕೂಲಿ: ನಾಲ್ಕು ಬಗೆಯ ದುಡಿಮೆಯ ಹಣ ಇಲ್ಲಿಯ ಅಂಗಡಿಗಳ ಗಲ್ಲಾಪೆಟ್ಟಿಗೆಗೆ ಬಂದು ಸೇರುತ್ತದೆ.

ಉದ್ಯೋಗವಿಲ್ಲ, ವ್ಯಾಪಾರವಿಲ್ಲ ಎಂಬ ಮಾತು ಈ ಸೀಮೆಯಲ್ಲಿ ಮೇ ತಿಂಗಳಿನಿಂದ ಆರಂಭವಾಗಿ ದಸರೆಯವರೆಗೆ ಕೇಳಿಬರುತ್ತದೆ. ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸಿ ಒಂದೆರಡು ತಿಂಗಳು ಕಳೆದರೆ ಮಾತು ಬದಲಾಗುತ್ತದೆ. ಊರು ಅದೇ, ಜನರು ಅವರೇ, ಕೈಗಳಲ್ಲಿರುವ ಕಸಬೂ ಅದೇ. ಹಾಗಾದರೆ ಸಂಕಷ್ಟದ ಒಂದು ದೊಡ್ಡ ಪಾಲು ಹಣದ ಅಭಾವದಿಂದ ಹುಟ್ಟಿದ್ದಲ್ಲ. ಹಣ ಬರುವ ದಿನ ಮತ್ತು ಹಣ ಬೇಕಾಗುವ ದಿನ ಹೊಂದಿಕೆಯಾಗದ್ದರಿಂದ ಹುಟ್ಟಿದ್ದು. ಈ ವ್ಯತ್ಯಾಸವನ್ನು ಯಾರಾದರೊಬ್ಬರು ಹೊರಲೇಬೇಕು. ಸಾಮಾನ್ಯವಾಗಿ ಅದನ್ನು ಹೊರುವವನು ಚಿಕ್ಕ ಅಂಗಡಿಕಾರ, ಅವನಿಗಿಂತಲೂ ಚಿಕ್ಕವನಾದ ಕುಶಲಕರ್ಮಿ.

ಮೊದಲು ಕಬ್ಬಿನ ಹಣವನ್ನು ನೋಡೋಣ. ಉಗಾರದ ಸಕ್ಕರೆ ಕಂಪನಿ 1939ರಲ್ಲಿ ಸ್ಥಾಪನೆಯಾಯಿತು. ಅನಂತರದ ದಶಕಗಳಲ್ಲಿ ಸಹಕಾರಿ ಮತ್ತು ಖಾಸಗಿ ಕಾರ್ಖಾನೆಗಳು ಈ ತಾಲ್ಲೂಕುಗಳಲ್ಲೆಲ್ಲ ಹಬ್ಬಿದವು. ಜೋಳ, ಕಡಲೆ ಬೆಳೆಯುತ್ತಿದ್ದ ರೈತನು ಕಬ್ಬಿಗೆ ತಿರುಗಿದಾಗ ಅವನ ಆದಾಯ ಹೆಚ್ಚಿತು, ಆದರೆ ವರ್ಷಕ್ಕೆ ಹಲವು ಬಾರಿ ಬರುತ್ತಿದ್ದ ಹಣ ಒಮ್ಮೆ ಮಾತ್ರ ಬರತೊಡಗಿತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ರೈತನಿಗೆ ಹಣ ಸಂದಾಯವಾಗಬೇಕು. ತಡವಾದರೆ ವಾರ್ಷಿಕ ಶೇ. 15ರ ಬಡ್ಡಿ ಸೇರಬೇಕು. ನಿಯಮ ಸ್ಪಷ್ಟವಾಗಿದೆ. ಆದರೂ ಸಕ್ಕರೆಯ ಬೆಲೆ ಕುಸಿದಾಗ ನಿಯಮ ಹಿಂದೆ ಬೀಳುತ್ತದೆ. 2014-15ರ ಹಂಗಾಮಿನಲ್ಲಿ, 2015ರ ಏಪ್ರಿಲ್ ಹೊತ್ತಿಗೆ, ದೇಶದಾದ್ಯಂತ ರೈತರಿಗೆ ಬರಬೇಕಾದ ಕಬ್ಬಿನ ಬಾಕಿ 21 ಸಾವಿರ ಕೋಟಿ ರೂಪಾಯಿಗಳನ್ನು ಮೀರಿತ್ತು.

2025-26ರ ಹಂಗಾಮಿಗೆ ಕೇಂದ್ರ ಸರಕಾರ ಶೇ. 10.25 ಇಳುವರಿಗೆ ಕ್ವಿಂಟಲಿಗೆ 355 ರೂ. ದರ ನಿಗದಿ ಮಾಡಿತು. ಇದು ಕಾರ್ಖಾನೆಯ ಬಾಗಿಲಿನ ದರ. ಕಟಾವು ಮತ್ತು ಸಾಗಣೆಯ ವೆಚ್ಚ ಇದರಲ್ಲೇ ಕಳೆಯುತ್ತದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂ. ಕೇಳಿ ಧರಣಿ ಕುಳಿತಾಗ ಸರಕಾರದ ಮಧ್ಯಸ್ಥಿಕೆಯಲ್ಲಿ 3,300 ರೂ. ತೀರ್ಮಾನವಾಯಿತು. ದರದ ಚರ್ಚೆ ಆಗಬೇಕಾದದ್ದೇ. ಆದರೆ ಪೇಟೆಯ ವ್ಯಾಪಾರಸ್ಥನಿಗೆ ಟನ್ನಿಗೆ ನೂರು ರೂಪಾಯಿ ಹೆಚ್ಚು ಬಂದಿತೋ ಕಡಿಮೆ ಬಂದಿತೋ ಎಂಬುದಕ್ಕಿಂತ, ಆ ಹಣ ಜನವರಿಯಲ್ಲಿ ಬಂದಿತೋ ಜೂನಿನಲ್ಲಿ ಬಂದಿತೋ ಎಂಬುದು ಹೆಚ್ಚು ಮಹತ್ವದ್ದು. ಕಾರಣ, ಅಲ್ಲಿಯವರೆಗಿನ ಕಿರಾಣಿ, ಬಟ್ಟೆ, ಗೊಬ್ಬರ, ಮೋಟಾರು ದುರಸ್ತಿ ಎಲ್ಲವೂ ‘ಬಿಲ್ಲು ಬಂದ ಮೇಲೆ’ ಎಂಬ ಮಾತಿನ ಮೇಲೆ ನಡೆದಿರುತ್ತದೆ.

ಉದ್ರಿಯ ಲೆಕ್ಕವನ್ನು ಬಹಳಷ್ಟು ಅಂಗಡಿಕಾರರು ವಹಿಯಲ್ಲಿ ಬರೆಯುತ್ತಾರೆ. ಅದರ ಬೆಲೆಯನ್ನು ಬರೆಯುವುದಿಲ್ಲ. ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಒಬ್ಬ ಕಿರಾಣಿ ವ್ಯಾಪಾರಿಯ ಬಂಡವಾಳ 1 ಲಕ್ಷ ರೂಪಾಯಿ, ಖರೀದಿಯ ಮೇಲೆ ಅವನಿಗೆ ಉಳಿಯುವುದು ಶೇ. 8. ರೋಖ ವ್ಯಾಪಾರದಲ್ಲಿ ಅವನ ಮಾಲು ತಿಂಗಳಿಗೊಮ್ಮೆ ತಿರುಗಿದರೆ ವರ್ಷಕ್ಕೆ 12 ಸುತ್ತು, ಒಟ್ಟು ಉಳಿತಾಯ 96 ಸಾವಿರ ರೂ. ಅದೇ ಮಾಲನ್ನು ನಾಲ್ಕು ತಿಂಗಳ ಉದ್ರಿಗೆ ಕೊಟ್ಟರೆ ವರ್ಷಕ್ಕೆ ಮೂರೇ ಸುತ್ತು, ಉಳಿತಾಯ 24 ಸಾವಿರ. ಅಂಗಡಿ ಖಾಲಿಯಾಗಬಾರದೆಂದು ಅವನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಮೇಲೆ ಕೈಸಾಲ ತಂದು ಮಾಲು ತುಂಬಿದನೆನ್ನೋಣ. ನಾಲ್ಕು ತಿಂಗಳಿಗೆ ಬಡ್ಡಿ ಶೇ. 8. ಅಂದರೆ ಸಾಲದ ಹಣದಿಂದ ತಂದು ಉದ್ರಿ ಕೊಟ್ಟ ಮಾಲಿನ ಮೇಲೆ ಅವನಿಗೆ ಉಳಿದದ್ದು ಸೊನ್ನೆ. ಐದನೆಯ ತಿಂಗಳು ಹಿಡಿದರೆ ಅಂಗಡಿಯ ಬಾಡಿಗೆ, ಆಳಿನ ಪಗಾರ ಅವನ ಮೂಲ ಬಂಡವಾಳದಿಂದ ಹೋಗುತ್ತದೆ. ಇಂತಹ ಸ್ಥಿತಿಯಲ್ಲಿ ಅವನು ಮೊದಲು ಮಾಡುವ ಕೆಲಸ ಆಳನ್ನು ಬಿಡಿಸುವುದು. ಊರಿನಲ್ಲಿ ಒಬ್ಬನ ಉದ್ಯೋಗ ಹೋಯಿತು, ಆದರೆ ವ್ಯಾಪಾರ ಕಡಿಮೆಯಾದದ್ದರಿಂದ ಹೋದದ್ದಲ್ಲ.

ಉದ್ರಿಯನ್ನೇ ನಿಲ್ಲಿಸಬೇಕೆಂಬ ಉಪದೇಶ ಈ ಸೀಮೆಯಲ್ಲಿ ನಡೆಯುವಂತಹದಲ್ಲ. ನಿಲ್ಲಿಸಿದವನ ಗಿರಾಕಿ ಮರುದಿನ ಎದುರಿನ ಅಂಗಡಿಯ ಕಟ್ಟೆಯ ಮೇಲಿರುತ್ತಾನೆ. ಯಾರಿಗೆ, ಎಷ್ಟು ದಿನಕ್ಕೆ ಎಂಬುದೇ ನಿಜವಾದ ಪ್ರಶ್ನೆ. ರೂಢಿಯಲ್ಲಿ ವ್ಯಾಪಾರಸ್ಥರು ಗಿರಾಕಿಯ ಯೋಗ್ಯತೆಯನ್ನು ಎಕರೆಯಲ್ಲಿ ಅಳೆಯುತ್ತಾರೆ. ಹತ್ತು ಎಕರೆ ಕಬ್ಬಿನ ಗೌಡರಿಗೆ ಕೇಳಿದಷ್ಟು ಉದ್ರಿ. ಎರಡು ಎಮ್ಮೆ ಕಟ್ಟಿಕೊಂಡ ಹೆಣ್ಣುಮಗಳಿಗೆ ಚಹಾಪುಡಿಗೂ ರೋಖ. ಹಣ ಕೈಸೇರುವ ದಿನವನ್ನು ಲೆಕ್ಕಕ್ಕೆ ತಂದರೆ ಈ ರೂಢಿ ತಲೆಕೆಳಗಾಗುತ್ತದೆ. ಹಾಲಿನ ಹಣ ವಾರಕ್ಕೊಮ್ಮೆ ಅಥವಾ ಹತ್ತು ದಿನಕ್ಕೊಮ್ಮೆ ಬರುತ್ತದೆ. ಬೀಡಿ ಕಟ್ಟುವವರ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ ಅಲ್ಪಾವಧಿಗೇ ಸಂದಾಯವಾಗುತ್ತದೆ. ಇಚಲಕರಂಜಿಯ ಮಗ್ಗ, ಮಿರಜ ಮತ್ತು ಕುಪವಾಡದ ಕಾರ್ಖಾನೆಗಳಿಗೆ ಹೋಗುವ ಯುವಕರ ಮನೆಗೆ ವಾರದ ಅಥವಾ ತಿಂಗಳ ಹಣ ಬರುತ್ತದೆ. ಮೊತ್ತ ಚಿಕ್ಕದು, ಆದರೆ ದಿನ ಗೊತ್ತಿರುವಂತಹದು. ಇಂತಹ ಮನೆಗೆ ಎಂಟು ದಿನದ ಉದ್ರಿ ಕೊಟ್ಟ ಸಾವಿರ ರೂಪಾಯಿ ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಬಾರಿ ಸುತ್ತಿ ಬರಬಲ್ಲದು.

ಈ ಮಾತಿನಿಂದ ಬೀಡಿ ಕಟ್ಟುವವರ ಬಾಳು ಸುಗಮವೆಂದು ತಿಳಿಯಬಾರದು. ನಿಪ್ಪಾಣಿಯ ತಂಬಾಕಿನ ಇತಿಹಾಸವೇ ಸಂಘರ್ಷದ್ದು. 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ಯೋಗ್ಯ ಬೆಲೆಗಾಗಿ ಪುಣೆ-ಬೆಂಗಳೂರು ಹೆದ್ದಾರಿಯನ್ನು ತಡೆದು ಕುಳಿತದ್ದನ್ನು, ಗೋಲಿಬಾರಿನಲ್ಲಿ ಜೀವಹಾನಿಯಾದದ್ದನ್ನು ಹಿರಿಯ ವ್ಯಾಪಾರಸ್ಥರು ಮರೆತಿರಲಾರರು.

ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಸಿಲುಕಿದ ಕುಶಲಕರ್ಮಿಯ ಸ್ಥಿತಿಗೆ ಅಥಣಿ ಮತ್ತು ಮದಭಾವಿಯ ಚಪ್ಪಲಿ ಕೆಲಸವೇ ತಕ್ಕ ನಿದರ್ಶನ. ಜಗತ್ತು ಇದನ್ನು ಕೊಲ್ಹಾಪುರಿ ಎಂದು ಕರೆದರೂ ಅದರ ದೊಡ್ಡ ಭಾಗ ಬೆಳಗಾವಿ ಜಿಲ್ಲೆಯಲ್ಲಿ ತಯಾರಾಗುತ್ತ ಬಂದಿದೆ. 2018-19ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆ ಇದನ್ನು ಒಪ್ಪಿಕೊಂಡಿತು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಳಿಸಿದ ಚರ್ಮ. ಮೊಳೆಯಿಲ್ಲದೆ ಚರ್ಮದ ದಾರದಿಂದಲೇ ಹೊಲಿಗೆ. ಗಂಡಸರು ಕತ್ತರಿಸಿ ಅಟ್ಟೆ ಕೂಡಿಸಿದರೆ, ಹೆಣಿಗೆ ಮತ್ತು ಹೊಲಿಗೆ ಬಹುಮಟ್ಟಿಗೆ ಹೆಂಗಸರದು. ಮಳೆಗಾಲದಲ್ಲಿ ಚರ್ಮ ಒಣಗದು, ಗಿರಾಕಿಯೂ ಇಲ್ಲ.

ಮಳೆಗಾಲ ಮುಗಿಯುವಾಗ ಕೈಯಲ್ಲಿ ರೋಖವಿಲ್ಲದ ಕುಟುಂಬ ಚರ್ಮವನ್ನು ಉದ್ರಿ ತರುತ್ತದೆ. ಲೆಕ್ಕಕ್ಕಾಗಿ ಒಂದು ಜೋಡಿಯ ಸಾಮಗ್ರಿ 300 ರೂ., ಮನೆಯವರ ಕೂಲಿಗೆ ಉಳಿಯುವುದು 150 ರೂ. ಎಂದಿಟ್ಟುಕೊಳ್ಳೋಣ. ಮೂರು ತಿಂಗಳ ಉದ್ರಿಗಾಗಿ ಸಾಮಗ್ರಿಯ ಬೆಲೆಗೆ ಶೇ. 10 ಸೇರಿದರೆ 30 ರೂ. ಹೆಚ್ಚಿತು. ನೋಡಲು ಅಲ್ಪ. ಆದರೆ ಅದು ಹೋದದ್ದು ಕೂಲಿಯಿಂದ: 150 ಇದ್ದದ್ದು 120 ಆಯಿತು, ಐದರಲ್ಲಿ ಒಂದು ಪಾಲು ಕಳೆಯಿತು. ಮೂರು ತಿಂಗಳಿಗೆ ಶೇ. 10 ಎಂದರೆ ವರ್ಷಕ್ಕೆ ಶೇ. 40. ಇನ್ನು ಚರ್ಮ ಕೊಟ್ಟವನೇ ಚಪ್ಪಲಿಯನ್ನೂ ಕೊಳ್ಳುವವನಾದರೆ ಬೆಲೆಯ ಮಾತು ಅವನ ಬಾಯಿಂದಲೇ ಬರುತ್ತದೆ. ಇಂತಹ ಮನೆಯ ಮಗ ಕಸಬು ಬಿಟ್ಟು ಕೂಲಿ ಹುಡುಕಿ ಹೋದರೆ ಅದನ್ನು ಆಲಸ್ಯವೆಂದು ಕರೆಯುವುದು ಅನ್ಯಾಯ. ಅವನ ಲೆಕ್ಕ ಸರಿಯಾಗಿಯೇ ಇದೆ.

1990ರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ಬೆಂಗಳೂರಿನ ಅಸೆಂಟ್ ಸಂಸ್ಥೆಯ ಪ್ರಯತ್ನದಿಂದ ಚಪ್ಪಲಿ ಮಾಡುವ ಮನೆಗಳ ಮಹಿಳೆಯರ ಸ್ವಸಹಾಯ ಗುಂಪುಗಳು ಸಂಘಟಿತವಾಗಿ ‘ಟೋಹೋಲ್ಡ್’ ಎಂಬ ಹೆಸರಿನಲ್ಲಿ ಹೊಸ ವಿನ್ಯಾಸದ ಮಾಲನ್ನು ವಿದೇಶಗಳಿಗೆ ಕಳುಹಿಸಿದವು. ವಿದೇಶದ ಗಿರಾಕಿ ದೊರೆತದ್ದಕ್ಕಿಂತಲೂ, ಮನೆಗೆಲಸದಲ್ಲಿ ಲೀನವಾಗಿಹೋಗಿದ್ದ ಹೆಂಗಸರ ದುಡಿಮೆಗೆ ಬೇರೆ ಲೆಕ್ಕ ಬಿದ್ದದ್ದು ಅದರ ದೊಡ್ಡ ಫಲವೆನ್ನಬೇಕು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಪಾದರಕ್ಷೆಗಳನ್ನು ಮೂಲದ ಹೆಸರಿಲ್ಲದೆ ತೋರಿಸಿ ಟೀಕೆಗೊಳಗಾಯಿತು. ಅದೇ ಡಿಸೆಂಬರಿನಲ್ಲಿ ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡು ಸುಮಾರು 2,000 ಜೋಡಿ ತಯಾರಿಸುವುದಾಗಿ ಪ್ರಕಟಿಸಿತು. ಜೋಡಿಗೆ ಸುಮಾರು 800 ಯೂರೋ ಬೆಲೆಯ ಸುದ್ದಿ ಎಲ್ಲೆಡೆ ಹಬ್ಬಿತು. ಅದು ಗೌರವದ ವಿಷಯ ಹೌದು. ಆದರೆ ಎರಡು ಸಾವಿರ ಜೋಡಿಯಿಂದ ಒಂದು ಸೀಮೆಯ ಹೊಟ್ಟೆ ತುಂಬುವುದಿಲ್ಲ. ಅಥಣಿಯ ಸಾಮಾನ್ಯ ಚಪ್ಪಲಿಗೆ ಹೆಚ್ಚು ಉಪಯೋಗವಾದ ಬದಲಾವಣೆ ಸದ್ದಿಲ್ಲದೆ ಬಂದಿತು: ಸಾವಿರ ರೂಪಾಯಿಯೊಳಗಿನ ಪಾದರಕ್ಷೆಗೆ 2022ರ ಜನವರಿಯಲ್ಲಿ ಶೇ. 5ರಿಂದ 12ಕ್ಕೆ ಏರಿದ್ದ ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ 2,500 ರೂ.ವರೆಗಿನ ಜೋಡಿಗೆ ಶೇ. 5ಕ್ಕೆ ಇಳಿಯಿತು.

ಬಂಡವಾಳದ ಪ್ರಶ್ನೆಗೆ 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಒಂದು ದಾರಿಯಿದೆ. ಅದರ 18 ಕಸಬುಗಳಲ್ಲಿ ಪಾದರಕ್ಷೆ ತಯಾರಿಕೆಯೂ ಸೇರಿದ್ದು, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ ರೂ., ಅದನ್ನು ಸರಿಯಾಗಿ ತೀರಿಸಿದರೆ 2 ಲಕ್ಷ ರೂ. ಸಾಲ ನಿಗದಿಯಾಯಿತು. ಮೇಲಿನ ಲೆಕ್ಕದಂತೆ ಒಂದು ಲಕ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಜೋಡಿಗಳ ಸಾಮಗ್ರಿಯನ್ನು ರೋಖ ಕೊಳ್ಳಬಹುದು. ವರ್ಷಕ್ಕೆ ಶೇ. 40 ತೆರುವ ಜಾಗದಲ್ಲಿ ಶೇ. 5. ಆ ಹಣ ಚರ್ಮಕ್ಕೇ ಹೋಗಬೇಕು, ಮದುವೆಗಲ್ಲ.

ಮಾರಿದ ಮಾಲಿನ ಹಣ ವಸೂಲಾತಿಗೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯನ್ನು ತಯಾರಕರು ಅರಿತಿರುವುದು ಅವಶ್ಯ. ಕರಾರು ಏನೇ ಇದ್ದರೂ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಕೊಂಡವನು 45 ದಿನ ಮೀರಿ ಹಣ ತಡೆಹಿಡಿಯುವಂತಿಲ್ಲ. ಕರಾರೇ ಇಲ್ಲದಿದ್ದರೆ ಅವಧಿ 15 ದಿನ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆಯು ಆದಾಯ ತೆರಿಗೆಯಲ್ಲಿ ಇನ್ನೊಂದು ಬಿಗಿ ತಂದಿತು: ಈ ಅವಧಿಯೊಳಗೆ ಕೊಡದ ಹಣವನ್ನು, ನಿಜವಾಗಿ ಕೊಡುವವರೆಗೆ, ಕೊಂಡವನು ತನ್ನ ಖರ್ಚಿನಲ್ಲಿ ತೋರಿಸುವಂತಿಲ್ಲ. ಇದರ ಲಾಭ ಉದ್ಯಮ್ ನೋಂದಣಿ ಮಾಡಿಸಿದ ತಯಾರಕರಿಗೆ ಮತ್ತು ಸೇವಾ ಘಟಕಗಳಿಗೆ. 2021ರ ಜುಲೈನಲ್ಲಿ ಚಿಲ್ಲರೆ ಮತ್ತು ಸಗಟು ವ್ಯಾಪಾರಸ್ಥರಿಗೂ ನೋಂದಣಿ ದೊರೆತದ್ದು ಆದ್ಯತಾ ಸಾಲಕ್ಕಾಗಿ ಮಾತ್ರ. 45 ದಿನದ ರಕ್ಷಣೆ ಅವರಿಗೆ ಅನ್ವಯಿಸುವುದಿಲ್ಲ. ಇದ್ದೊಬ್ಬ ಖರೀದಿದಾರನ ಮೇಲೆ ಯಾವ ಕುಶಲಕರ್ಮಿಯೂ ದೂರು ಕೊಡಲಾರ ಎಂಬುದೂ ಸತ್ಯ. ಆದುದರಿಂದ ಈ ಕಾಯ್ದೆ ಜಗಳಕ್ಕಿಂತ ಮೊದಲು, ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆ ಮತ್ತು ಹಣ ಕೊಡುವ ದಿನಾಂಕ ಅಚ್ಚಾಗಿರುವಾಗಲೇ ಹೆಚ್ಚು ಕೆಲಸ ಮಾಡುತ್ತದೆ.

ಅಂಗಡಿಕಾರನಿಗೆ ಕಾಯ್ದೆಯ ಆಸರೆಯಿಲ್ಲದಿದ್ದರೂ ವಹಿ ಅವನ ಕೈಯಲ್ಲೇ ಇದೆ. ವಾರದ ಹಣದ ಗಿರಾಕಿಗಳಿಗೆ ಒಂದು ವಹಿ, ಕಬ್ಬಿನ ಗಿರಾಕಿಗಳಿಗೆ ಇನ್ನೊಂದು ಎಂದು ಬೇರ್ಪಡಿಸಿದರೆ ಎರಡನೆಯದರಲ್ಲಿ ಎಷ್ಟು ಬಂಡವಾಳ ಸಿಲುಕಿದೆ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಆ ಮೊತ್ತ ಸ್ವಂತ ಬಂಡವಾಳವನ್ನು ದಾಟಿ ಕೈಸಾಲದೊಳಗೆ ಕಾಲಿಟ್ಟ ದಿನವೇ ಹೊಸ ಉದ್ರಿ ನಿಲ್ಲಬೇಕು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನಿಂದ ಆರಂಭವಾದ ಪಿಗ್ಮಿ ಪದ್ಧತಿಯನ್ನು ಸೊಸಾಯಿಟಿಗಳು ಇಂದಿಗೂ ನಡೆಸಿಕೊಂಡು ಬಂದಿವೆ. ಹಂಗಾಮಿನ ಐದು ತಿಂಗಳು ದಿನಕ್ಕೆ 200 ರೂ. ಪಿಗ್ಮಿ ತುಂಬಿದರೆ ಮೇ ತಿಂಗಳಲ್ಲಿ 30 ಸಾವಿರ ಕೈಗೆ ಬರುತ್ತದೆ. ಅಷ್ಟರಮಟ್ಟಿಗೆ ಕೈಸಾಲ ತಪ್ಪಿತು.

ನದಿಯ ಅಪಾಯ ಬೇರೆಯೇ ಇದೆ. 2005, 2019 ಮತ್ತು 2021ರಲ್ಲಿ ಕೃಷ್ಣೆ ಉಕ್ಕಿ ಬಂದಾಗ ದಂಡೆಯ ಊರುಗಳ ಕಬ್ಬು ನೀರಿನಲ್ಲಿ ನಿಂತಿತು. ಅಂಗಡಿಯ ಮಾಲಿಗೆ, 2021ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ನೆರೆಯ ಹಾನಿಗೂ ವಿಮೆಯುಂಟು. ಆದರೆ ಉದ್ರಿ ಕೊಟ್ಟು ಹೊರಗೆ ಹೋದ ಮಾಲು ಅದರಲ್ಲಿ ಸೇರುವುದಿಲ್ಲ. ಕಪಾಟಿನಲ್ಲಿದ್ದ ಸಕ್ಕರೆ ಚೀಲಕ್ಕೆ ಪರಿಹಾರ ಸಿಗಬಹುದು. ಕಬ್ಬಿನ ಗದ್ದೆಯನ್ನು ನಂಬಿ ಬರೆದ ಬಾಕಿಗೆ ಸಿಗದು.

ದೀಪಾವಳಿಯ ಪಾಡ್ಯದಂದು ವ್ಯಾಪಾರಸ್ಥರು ಹೊಸ ವಹಿಗೆ ಪೂಜೆ ಸಲ್ಲಿಸುತ್ತಾರೆ. ಕಬ್ಬಿನ ಹಣ ಬರುವುದು ಅದರ ನಂತರ. ಹೀಗಾಗಿ ಈ ಸೀಮೆಯ ಹೊಸ ವಹಿಯ ಮೊದಲ ಪುಟ ಹಳೆಯ ಬಾಕಿಯಿಂದಲೇ ತುಂಬಿರುತ್ತದೆ. ಉದ್ರಿಯ ನಿಜವಾದ ಲೆಕ್ಕ ಮುಗಿಸಬೇಕಾದದ್ದು ಕಾರ್ಖಾನೆಗಳು ನಿಲ್ಲುವ ಮಾರ್ಚ್-ಏಪ್ರಿಲ್ ಹೊತ್ತಿಗೆ, ಯುಗಾದಿಯ ಆಸುಪಾಸಿನಲ್ಲಿ. ಜೂನ್ ಬಂದರೆ ರೈತನಿಗೆ ಬೀಜ-ಗೊಬ್ಬರ, ಮಕ್ಕಳ ಶಾಲೆಯ ಖರ್ಚು ಎದುರಿಗಿರುತ್ತವೆ. ಆಗ ಕೇಳಿದ ಬಾಕಿ ಮತ್ತೆ ಮುಂದಿನ ಹಂಗಾಮಿನ ಬಿಲ್ಲಿಗೆ ಹೋಗುತ್ತದೆ.