ಹಳೆ ಹೆಸರು ಉಜ್ಜಬೇಡ, ಸುತ್ತು ಹಾಕು

ತಮ್ಮಾ, ಸಹಕಾರ ಸಂಘದ ಸಾಲದ ಲೆಕ್ಕಕ್ಕೆ ವೆಬ್ ಆ್ಯಪ್ ಕಟ್ಟುತ್ತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಪರದೆ, ಬಣ್ಣ, ಬಟನ್ನು ನಿನಗೆ ಬಿಟ್ಟಿದ್ದು. ಕಂದಾಯ ಇಲಾಖೆಯ ರಿಜಿಸ್ಟರುಗಳ ನಡುವೆ ಕೂದಲು ಬೆಳ್ಳಗಾದವನು ನಾನು. ಹೇಳುವುದು ಒಂದೇ ಮಾತು. ದಾಖಲೆ ಬದಲಾದಾಗ ಆ ಬದಲಾವಣೆ ಎಲ್ಲಿ ದಾಖಲಾಗುತ್ತದೆ ಅನ್ನುವುದನ್ನು ಕೆಲಸ ಶುರುವಾಗುವಾಗಲೇ ತೀರ್ಮಾನಿಸಿಬಿಡು. ಆಮೇಲೆ ಸೇರಿಸಿದರೆ ಅದಕ್ಕೆ ಮುಂಚಿನದ್ದೆಲ್ಲ ಕತ್ತಲೆ.

ನಮ್ಮೂರು ಕ್ಯಾಸನೂರಿನ ಮನೆಯಲ್ಲಿರುವ ಪಹಣಿ ತೆಗೆದು ನೋಡು. 9ನೇ ಕಾಲಂನಲ್ಲಿ ಇವತ್ತಿನ ಮಾಲೀಕನ ಹೆಸರು. ಪಕ್ಕದ 10ನೇ ಕಾಲಂನಲ್ಲಿ ಹಕ್ಕು ಹೇಗೆ ಬಂತು ಅನ್ನುವುದು: ಕ್ರಯವೋ, ಪೌತಿಯೋ, ವಿಭಾಗವೋ, ಜೊತೆಗೆ ಎಂ.ಆರ್. ನಂಬರು. ಆ ನಂಬರು ಹಿಡಿದು ಹೋದರೆ ಮ್ಯುಟೇಶನ್ ರಿಜಿಸ್ಟರಿನಲ್ಲಿ ಯಾರಿಂದ ಯಾರಿಗೆ, ಯಾವ ಆಧಾರದ ಮೇಲೆ, ತಕರಾರು ಬಂತೋ ಇಲ್ಲವೋ, ಮಂಜೂರು ಆದದ್ದು ಯಾವತ್ತು, ಎಲ್ಲ ಸಿಗುತ್ತದೆ. ಕೈಬರಹದ ಪಹಣಿಯಲ್ಲಿ ಹಳೆ ಹೆಸರನ್ನು ಉಜ್ಜಿ ತೆಗೆಯುತ್ತಿರಲಿಲ್ಲ. ಸುತ್ತ ಗೆರೆ ಎಳೆದು ಕೆಳಗೆ ಹೊಸದನ್ನು ಬರೆಯುತ್ತಿದ್ದರು, ಸುತ್ತಿನೊಳಗಿನದನ್ನೂ ಓದಬಹುದಿತ್ತು. ನಿನ್ನ ಅಪ್‌ಡೇಟ್ ಆದೇಶ ಹಾಗಲ್ಲ, ಹಳೆಯದನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ.

ಹಳೆಯ ದಾಖಲೆ ಸಿಗದಿದ್ದರೆ ಏನಾಗುತ್ತದೆ ಅನ್ನುವುದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲೇ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. 1974ರ ಭೂಸುಧಾರಣೆಯಲ್ಲಿ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು; ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿಗೆ ಬೇಕಿದ್ದದ್ದು ಈಗ ಉಳುತ್ತಿರುವವನ ಹೆಸರಲ್ಲ, ಆ ತಾರೀಕಿಗೆ ಮುಂಚೆ ಉಳುತ್ತಿದ್ದವನ ಹೆಸರು. ಸಾಗುವಳಿ ಕಾಲಂನಲ್ಲಿ ಹೆಸರಿದ್ದವನಿಗೆ ಆಧಾರ ಇತ್ತು. ಬಾಯಿಮಾತಿನ ಗೇಣಿಯವರು ಸಾಕ್ಷಿ ಹುಡುಕಬೇಕಾಯಿತು.

ನಿನ್ನ ಆ್ಯಪಿಗೂ ಇಂಥದೇ ಪ್ರಶ್ನೆ ಬರುತ್ತದೆ: ಹೋದ ಮಾರ್ಚ್ 31ಕ್ಕೆ ಈ ಸದಸ್ಯನ ಬಾಕಿ ಎಷ್ಟಂತ ತೋರಿಸುತ್ತಿತ್ತು? ಹಾಗಾಗಿ ತಾರೀಕು ಎರಡು ಇಡು. ಅಪ್ಪ ತೀರಿಕೊಂಡ ದಿನ ಬೇರೆ, ಪೌತಿ ಖಾತೆ ಆದ ದಿನ ಬೇರೆ. ನಡುವೆ ವರ್ಷಗಟ್ಟಲೆ ಕಳೆದಿರುತ್ತದೆ. ಘಟನೆ ನಡೆದದ್ದು ಯಾವಾಗ, ನಾವು ಬರೆದುಕೊಂಡದ್ದು ಯಾವಾಗ, ಎರಡೂ ಬೇಕು.

ರೈಲ್ಸ್‌ನಲ್ಲಿ ಪೇಪರ್‌ಟ್ರೇಲ್, ಜ್ಯಾಂಗೋದಲ್ಲಿ ಸಿಂಪಲ್ ಹಿಸ್ಟರಿ ಅಂತ ಸಿದ್ಧ ಲೈಬ್ರರಿಗಳಿವೆ, ಒಳ್ಳೆಯವೇ. ಆದರೆ ಒಂದೇ ಏಟಿಗೆ ಸಾವಿರ ಸಾಲು ಬದಲಿಸುವ ಆದೇಶ ಕೊಟ್ಟರೆ ಸಾಮಾನ್ಯವಾಗಿ ಅವುಗಳ ಕಣ್ಣು ತಪ್ಪುತ್ತದೆ. ಯಾರೋ ರಾತ್ರಿ ನೇರ ಡೇಟಾಬೇಸಿಗೇ ಇಳಿದು ತಿದ್ದಿದರಂತೂ ಗೊತ್ತೇ ಆಗುವುದಿಲ್ಲ. ಅದಕ್ಕೇ ಹಣದ ಟೇಬಲ್ಲುಗಳಿಗೆ ಡೇಟಾಬೇಸಿನೊಳಗೇ ಟ್ರಿಗರ್ ಹಾಕು. ಹಳೆಯ ಮೊತ್ತ, ಹೊಸ ಮೊತ್ತ ಎರಡನ್ನೂ ಅದೇ ಟ್ರಾನ್ಸಾಕ್ಷನ್ನಿನಲ್ಲಿ ಬರೆಯಲಿ; ಮೂಲ ಬದಲಾವಣೆ ರದ್ದಾದರೆ ಚರಿತ್ರೆಯೂ ರದ್ದಾಗಲಿ. ಟ್ರಿಗರಿಗೆ ಕಾಣುವುದು ಆ್ಯಪ್‌ನ ಒಂದೇ ಲಾಗಿನ್, ಕೀಲಿಮಣೆ ಮುಂದೆ ಕೂತ ಮನುಷ್ಯ ಅಲ್ಲ. ಅವನ ಗುರುತನ್ನು ಪ್ರತಿ ಟ್ರಾನ್ಸಾಕ್ಷನ್ನಿನ ಮೊದಲಿಗೆ ನೀನೇ ಒದಗಿಸಬೇಕು.

ಇಡೀ ಕಚೇರಿ ಒಂದೇ ಪಾಸ್‌ವರ್ಡಿನಲ್ಲಿ ಒಳಹೋಗುವುದಾದರೆ ಇಷ್ಟೆಲ್ಲ ಮಾಡಿಯೂ ದಂಡ. ಪಹಣಿ ಕಂಪ್ಯೂಟರಿಗೆ ಬಂದಾಗ ‘ಭೂಮಿ’ ಯೋಜನೆಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗುವ ಹಾಗೆ ಮಾಡಿದ್ದು ಇದಕ್ಕೇ: ‘ನನ್ನ ಪಾಸ್‌ವರ್ಡು ಬೇರೆ ಯಾರೋ ಹಾಕಿದರು’ ಅನ್ನುವ ನೆಪ ಉಳಿಯಬಾರದು.

ಕಾರಣಕ್ಕೊಂದು ಕಾಲಂ ಬೇಕೇ ಬೇಕು. ಅಲ್ಲಿ ‘ತಿದ್ದುಪಡಿ’ ಅಂತ ಬರೆದರೆ ಒಪ್ಪಬೇಡ, ಆಡಳಿತ ಮಂಡಳಿಯ ಠರಾವಿನ ನಂಬರು ಕೇಳು. ಚರಿತ್ರೆಯ ಟೇಬಲ್ಲಿಗೆ ಸೇರಿಸುವ ಅಧಿಕಾರ ಮಾತ್ರ ಇರಲಿ, ತಿದ್ದುವ ಅಳಿಸುವ ಅಧಿಕಾರ ಆ್ಯಪಿಗೂ ಬೇಡ, ನಿನಗೂ ಬೇಡ. ಡೇಟಾಬೇಸ್ ನೋಡಿಕೊಳ್ಳುವವನ ಕೈಗೆ ಸಿಗದ ಕಡೆ ಒಂದು ಪ್ರತಿ ಹೋಗುತ್ತಿರಲಿ. ಪಾಸ್‌ವರ್ಡು, ಆಧಾರ್ ನಂಬರು ಮಾತ್ರ ಅದರೊಳಗೆ ಇಳಿಯದಂತೆ ನೋಡಿಕೊ.

2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯನ್ನೂ ತಾರೀಕಿನ ಸಮೇತ ದಾಖಲಿಸಬೇಕು, ಆ ದಾಖಲಾತಿಯನ್ನು ನಿಲ್ಲಿಸುವಂತಿರಬಾರದು ಅಂತ ಕಾನೂನೇ ಇದೆ. ನಿನ್ನ ಸಂಘ ಕಂಪನಿಯಲ್ಲ, ನಿಜ. ಆದರೂ ಅದರ ಸದಸ್ಯ ಕಂಪ್ಯೂಟರ್ ಚೀಟಿಯನ್ನು ಕಣ್ಣುಮುಚ್ಚಿ ನಂಬುತ್ತಾನೆ. ಪಹಣಿಯದೂ ಅದೇ ಕತೆ: ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ಅದರ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ಲೆಕ್ಕ. ಸುಳ್ಳೆಂದು ತೋರಿಸುವ ಭಾರ ರೈತನ ಮೇಲೆ. ಅವನಿಗೆ ಚರಿತ್ರೆಯನ್ನೂ ಕೊಡದಿದ್ದರೆ ಯಾವುದರಿಂದ ತೋರಿಸಿಯಾನು? ಅದಕ್ಕೇ ತನ್ನ ಖಾತೆಯ ಬದಲಾವಣೆಗಳನ್ನು ಸದಸ್ಯನೇ ನೋಡುವಂಥ ಒಂದು ಪುಟ ಇಡು, ಕನ್ನಡದಲ್ಲಿ.

ಸದಸ್ಯರ ಹೆಸರು ಬದಲಾಗುವುದನ್ನೂ ಮರೆಯಬೇಡ, ಹಳೆ ಹೆಸರಿನಲ್ಲಿ ಹುಡುಕಿದರೂ ಖಾತೆ ಸಿಗಬೇಕು. 1957ರಲ್ಲಿ ನಮ್ಮ ಕಾಡಿನಲ್ಲಿ ಮಂಗಗಳು ಸತ್ತವು, ಸಿಕ್ಕ ವೈರಸ್ಸಿಗೆ ಕ್ಯಾಸನೂರಿನ ಹೆಸರೇ ಅಂಟಿತು. ರೋಗಗಳಿಗೆ ಊರ ಹೆಸರಿಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ನಾಳೆ ಬೇರೆ ಹೆಸರಿಟ್ಟರೂ ಹಳೆ ಹೆಸರಿನಲ್ಲಿ ಹುಡುಕುವ ವೈದ್ಯನಿಗೆ ಅದೇ ಕಡತ ಸಿಗಬೇಕಲ್ಲ?

ಎಲ್ಲ ಮುಗಿದ ಮೇಲೆ ಹೀಗೆ ಮಾಡು. ಆ್ಯಪ್ ಮುಟ್ಟದೆ, ನಿನ್ನದೇ ಲಾಗಿನ್ನಿನಲ್ಲಿ ನೇರ ಡೇಟಾಬೇಸಿಗೆ ಹೋಗಿ ಪರೀಕ್ಷೆಯ ಖಾತೆಯೊಂದರ ಬಾಕಿಯಲ್ಲಿ ಒಂದು ಸೊನ್ನೆ ತೆಗೆ. ಏನು ಮಾಡಿದೆ ಅಂತ ಹೇಳದೆ ನಿನ್ನ ಜೊತೆಗಾರನನ್ನು ಕೂರಿಸಿ, ಯಾರು, ಯಾವಾಗ, ಯಾಕೆ ಅಂತ ಹುಡುಕಲು ಹೇಳು. ಅವನು ಎದ್ದು ನಿನ್ನ ಹೆಸರು ಹೇಳುವವರೆಗೂ ಸಂಘದವರಿಗೆ ಆ್ಯಪ್ ಒಪ್ಪಿಸಬೇಡ.